ಗೂಡಿನಲ್ಲಿಟ್ಟ ಉತ್ತರ

ನಮ್ಮೂರಿನಲ್ಲಿ ಇಬ್ಬರು ಎದುರಾದರೆ ಊಟವಾಯಿತೇ ಎಂದು ಕೇಳುವುದಿಲ್ಲ, ಹೊಳೆ ಯಾವ ಕಡೆ ಎಂದು ಕೇಳುತ್ತಾರೆ. ನಮ್ಮ ಹೊಳೆ ಒಂದು ದಿನ ಮೂಡಲಿಗೆ ಹರಿದರೆ ಇನ್ನೊಂದು ದಿನ ಪಡುವಲಿಗೆ ಹರಿಯುತ್ತದೆ. ನಡುಹಗಲಲ್ಲಿ ತಿರುಗಿಕೊಳ್ಳುವುದೂ ಉಂಟು. ಊರಿಗೆ ಮೆಟ್ಟಿಲು ಕಟ್ಟಿದ ಕಟ್ಟೆಗಳು ಎರಡು. ಹೊಳೆ ಮೂಡಲಿಗೆ ಹರಿಯುವಾಗ ಪಡುವಲ ಕಟ್ಟೆಯಲ್ಲಿ ಕುಡಿಯುವ ನೀರು ತುಂಬುತ್ತೇವೆ, ಮೂಡಲ ಕಟ್ಟೆಯಲ್ಲಿ ಬಟ್ಟೆ ಒಗೆಯುತ್ತೇವೆ. ತಿರುಗಿದರೆ ಎಲ್ಲವೂ ಅದಲುಬದಲು. ಆಗ ಕೊಡ ಹೊತ್ತವರೂ ಬಟ್ಟೆಗಂಟು ಹೊತ್ತವರೂ ನಡುರಸ್ತೆಯಲ್ಲಿ ಎದುರುಬದುರಾಗಿ ಹಾದುಹೋಗುತ್ತಾರೆ. ನನ್ನ ಮದುವೆ ನಿಶ್ಚಯವಾಗಿದ್ದು ಆ ರಸ್ತೆಯಲ್ಲೇ.

ಇನ್ನೊಂದು ಮಾತು. ನಮ್ಮಲ್ಲಿ ಕೇಳಿದ್ದನ್ನೇ ಮತ್ತೆ ಕೇಳುವ ಪದ್ಧತಿ ಇಲ್ಲ. ಎರಡನೇ ಸಲ ಕೇಳಿದರೆ, ನೀನು ಮೊದಲು ಕೊಟ್ಟ ಉತ್ತರ ನಾನು ನಂಬಲಿಲ್ಲ ಎಂದು ಮುಖದ ಮೇಲೇ ಹೇಳಿದ ಹಾಗೆ. ಹೆಣ್ಣು ಕೇಳುವವರು ಒಂದೇ ಸಲ ಕೇಳುತ್ತಾರೆ, ಊಟಕ್ಕೆ ಕರೆಯುವವರು ಒಂದೇ ಸಲ ಕರೆಯುತ್ತಾರೆ. ಬೇರೆ ಊರಿನಿಂದ ಬಂದ ನೆಂಟರು ಸಂಕೋಚಕ್ಕೆ ಬೇಡ ಎಂದು, ಇನ್ನೊಂದು ಸಲ ಕೇಳಲಿ ಎಂದು ಕಾದು, ಕೊನೆಗೆ ಅರೆಹೊಟ್ಟೆಯಲ್ಲಿ ಎದ್ದುಹೋದ ಕಥೆಗಳು ಮನೆಗೊಂದಾದರೂ ಸಿಗುತ್ತವೆ. ಹೊಳೆಯ ವಿಷಯದಲ್ಲಿ ಮಾತ್ರ ಒಂದು ರಿಯಾಯಿತಿ: ತಾಸು ಕಳೆದ ಮೇಲೆ ಮತ್ತೆ ಕೇಳಬಹುದು.

ಹೊಳೆ ನೋಡಿ ಹೇಳುವವಳು ನನ್ನ ಅಕ್ಕ ನಾಗವೇಣಿ. ಅವ್ವ ಇದ್ದಾಗ ಅವ್ವ ನೋಡುತ್ತಿದ್ದಳು, ಅವಳು ಹೋದ ಮೇಲೆ ಆ ಕೆಲಸವೂ ನಾಲ್ಕು ವರ್ಷದ ನಾನೂ ಒಟ್ಟಿಗೆ ಅಕ್ಕನ ಸೊಂಟಕ್ಕೆ ಬಂದೆವು. ಸೇತುವೆಯ ನಡುವೆ ಒಂದು ಸಣ್ಣ ಮಂಟಪ. ಪಕ್ಕದಲ್ಲಿ ಚೆಂಡುಹೂವಿನ ಎಸಳು ತುಂಬಿದ ಬುಟ್ಟಿ. ಒಂದು ಎಸಳು ನೀರಿಗೆ ಬಿಟ್ಟು ಅದು ಯಾವ ಕಡೆ ಹೋಗುತ್ತದೆಂದು ನೋಡುವುದು ಅವಳ ಕೆಲಸ. ಮೇಲೆ ನಿಂತು ನೋಡಿದರೆ ಸಾಲದೇ ಎಂದು ಕೇಳಬೇಡಿ. ನಮ್ಮ ಹೊಳೆ ಮೇಲೊಂದು ತೋರಿಸಿ ಒಳಗೊಂದು ಹರಿಯುವಂಥದು, ಅದರ ಮರ್ಮ ಅಕ್ಕನ ಕಣ್ಣಿಗೇ ಸಿಗಬೇಕು.

ನಾನು ಹೊಳೆ ಮಂಡಳಿಯ ಕಂಪ್ಯೂಟರ್ ಕೋಣೆಯವನು. ಎರಡೂ ಕಟ್ಟೆಗಳ ಮೇಲೆ ‘ಕುಡಿಯುವ ನೀರು’, ‘ಬಟ್ಟೆ’ ಎಂದು ಹೊಳೆಯುವ ಫಲಕಗಳನ್ನು ನಡೆಸುವ ಪ್ರೋಗ್ರಾಂ ಬರೆದವನು ನಾನೇ. ಕಟ್ಟೆಯ ಲೆಕ್ಕಕ್ಕೆ ಹೊಳೆಯ ದಿಕ್ಕು ಬೇಕಾದಾಗ ಅಕ್ಕನ ಮಂಟಪದಲ್ಲಿ ಗಂಟೆ ಬಾರಿಸುತ್ತದೆ, ಅವಳು ಎಸಳು ಬಿಟ್ಟು ನೋಡಿ ಎರಡು ಗುಂಡಿಗಳಲ್ಲಿ ಒಂದನ್ನು ಒತ್ತುತ್ತಾಳೆ. ಮೊದಮೊದಲು ಗಂಟೆ ದಿನಕ್ಕೆ ನೂರಾರು ಸಲ ಬಾರಿಸುತ್ತಿತ್ತು. ಒಂದೇ ಪ್ರಶ್ನೆಯನ್ನು ಅಷ್ಟು ಸಲ ಕೇಳುವುದಕ್ಕೆ ನನಗೇ ನಾಚಿಕೆಯಾಯಿತು, ಅದೂ ನನ್ನ ಅಕ್ಕನನ್ನು. ಆಗ ನಾನು ಗೂಡು ಕಟ್ಟಿದೆ. ಪುಸ್ತಕದಲ್ಲಿ ಅದಕ್ಕೆ ಬೇರೆ ಹೆಸರಿದೆ, ನಾನು ಗೂಡು ಎಂದೇ ಕರೆದೆ. ದೀಪ, ಬೆಂಕಿಪೊಟ್ಟಣ ಕೈಗೆ ಸಿಗಲಿ ಎಂದು ಗೋಡೆಯಲ್ಲಿ ಗೂಡು ಬಿಡುವುದಿಲ್ಲವೇ, ಹಾಗೆ ಒಮ್ಮೆ ಸಿಕ್ಕ ಉತ್ತರವನ್ನು ಪ್ರತಿ ಕಟ್ಟೆಯೂ ತನ್ನ ಗೂಡಿನಲ್ಲಿ ಒಂದು ತಾಸು ಇಟ್ಟುಕೊಂಡು ಅದನ್ನೇ ನೋಡುತ್ತದೆ. ಫಲಕಗಳು ಚಕಚಕನೆ ಕೆಲಸ ಮಾಡಿದವು. ಮಂಡಳಿಯ ಅಧ್ಯಕ್ಷರು ವೀರಭದ್ರಯ್ಯನವರು ಶಾಲು ಹೊದಿಸಿ, ‘ಯಂತ್ರಕ್ಕೆ ನಮ್ಮೂರ ಮರ್ಯಾದೆ ಕಲಿಸಿದವನು’ ಎಂದರು. ಆ ಮಾತನ್ನು ಆರು ವರ್ಷ ನಾನು ಚಪ್ಪರಿಸಿದ್ದೇನೆ.

ಈ ವರ್ಷ ಫಲಕಗಳು ಇದ್ದಕ್ಕಿದ್ದಂತೆ ಆರತೊಡಗಿದವು. ಒಂದು ವಾರ ಏನೂ ಇಲ್ಲ, ಮುಂದಿನ ವಾರ ದಿನಕ್ಕೆ ಎರಡು ಸಲ. ಎರಡೂ ಕಟ್ಟೆಗಳಲ್ಲಿ ಜನ ಖಾಲಿ ಕೊಡ ಹಿಡಿದು ನಿಂತು ಒಬ್ಬರ ಮುಖ ಒಬ್ಬರು ನೋಡುವುದು, ಜಗಳಕ್ಕೆ ಬೀಳುವುದು. ಒಂದು ದಿನ ಕುಂಬಾರಗೇರಿಯವರು ಫಲಕ ಆರುವ ಮುಂಚೆ ತುಂಬಿಕೊಂಡ ನೀರು ಒಗೆದ ನೀರಾಗಿತ್ತು, ಮಕ್ಕಳಿಗೆಲ್ಲ ಹೊಟ್ಟೆ ಕೆಟ್ಟಿತು. ನಾನು ಪ್ರೋಗ್ರಾಂ ನಿಲ್ಲಿಸಿ ಮತ್ತೆ ಶುರುಮಾಡಿದರೆ ಏನೂ ಆಗೇ ಇಲ್ಲವೆಂಬಂತೆ ನಡೆಯುತ್ತಿತ್ತು. ಯಂತ್ರದ ದಿನಚರಿಯಲ್ಲಿ ಉಳಿಯುತ್ತಿದ್ದದ್ದು ಅಕ್ಕ ಒತ್ತಿದ ಗುಂಡಿಗಳ ಗುರುತು ಮಾತ್ರ: ಇಷ್ಟು ಹೊತ್ತಿಗೆ ಮೂಡಲು, ಅದೇ ತಾಸಿನಲ್ಲಿ ಪಡುವಲು.

ವೀರಭದ್ರಯ್ಯನವರು ಅದನ್ನು ನೋಡಿ ಕನ್ನಡಕ ತೆಗೆದರು. “ನಿಮ್ಮಕ್ಕಂಗೆ ಎಷ್ಟು ವಯಸ್ಸಾಯ್ತಪ್ಪ ಪಾಂಡುರಂಗ?”

“ಐವತ್ತೆಂಟು.”

“ಕಣ್ಣು ಮಂಜಾಗಿರಬೇಕು. ಒಂದೇ ತಾಸಲ್ಲಿ ಎರಡು ಮಾತಾಡ್ತಾಳೆ ಅಂದ್ರೆ ಏನರ್ಥ? ಈ ಅಮಾವಾಸ್ಯೆವರೆಗೆ ನೋಡೋಣ. ಆಮೇಲೆ ಸೇತುವೆ ಬೇರೆಯವರಿಗೆ ಕೊಡೋದೇ.”

ಅಕ್ಕನಿಂದ ಸೇತುವೆ ಕಿತ್ತುಕೊಂಡರೆ ಅವಳಿಗೆ ಉಳಿಯುವುದು ಏನು? ನಾನು ಸರಿಮಾಡುತ್ತೇನೆ ಎಂದೆ. ಅವರು ಸಮಾಧಾನದ ದನಿಯಲ್ಲಿ, “ನೀನೊಬ್ಬನೇ ಯಾಕೆ ಒದ್ದಾಡ್ತೀಯ, ಹೊರಗಡೆಯಿಂದ ಒಬ್ಬರನ್ನ ಕರೆಸಿದೀನಿ” ಎಂದರು.

ಹಾಗೆ ಬಂದವಳು ಸುಗುಣಾ. ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸು, ಬಯಲುಸೀಮೆಯ ಗಡುಸು ಮಾತು, ಎಣ್ಣೆ ಹಚ್ಚಿ ಬಿಗಿದ ಜಡೆ. ಬಂದ ಮೊದಲ ದಿನವೇ, “ಸರ, ಈ ಎರಡೂ ಕಟ್ಟಿ ಒಂದಕ್ಕೊಂದು ಮಾತಾಡ್ತಾವೇನ್ರಿ?” ಎಂದು ಕೇಳಿದಳು. ಇಲ್ಲ ಎಂದೆ. ಹತ್ತು ನಿಮಿಷ ಬಿಟ್ಟು ಅದನ್ನೇ ಮತ್ತೆ ಕೇಳಿದಳು! ನಾನು ಉತ್ತರ ಕೊಡದೆ ನೀರು ಕುಡಿಯಲು ಎದ್ದುಹೋದೆ. ಅವಳು ಅದನ್ನು ಅವಮಾನ ಎಂದೂ ತಿಳಿಯಲಿಲ್ಲ. ನಾನು ಆರು ವರ್ಷದಲ್ಲಿ ಬರೆದದ್ದನ್ನು ಅವಳು ಮೂರು ದಿನದಲ್ಲಿ ಓದಿ ಮುಗಿಸಿದಳು. ಆಗಿನಿಂದ ನನಗೆ ಅನ್ನ ರುಚಿಸುವುದು ನಿಂತಿತು.

ಹೊಟ್ಟೆಕಿಚ್ಚು ಎಂದು ಹೇಳಲು ನನಗೆ ಈಗ ನಾಚಿಕೆಯಿಲ್ಲ. ಅವಳು ಕೀಲಿಗಳ ಮೇಲೆ ಕೈಯಾಡಿಸುವ ಸದ್ದು ಕೇಳಿದರೆ ಹಲ್ಲು ಕಡಿಯುತ್ತಿದ್ದೆ. ಅವಳು ಕಾದು ಕೂತಾಗ ಫಲಕ ಆರಲಿಲ್ಲ, ಅವಳು ಊಟಕ್ಕೆ ಹೋದಾಗ ಆರಿತು. ನಾನು ಒಳಗೊಳಗೇ ಕುಣಿದೆ. ಫಲಕ ಆರಿದರೆ ಅಕ್ಕನ ಕುತ್ತಿಗೆಗೆ ಬರುತ್ತದೆ ಎಂಬುದು ನೆನಪಾದದ್ದು ಆಮೇಲೆ. ಮನೆಗೆ ಹೋಗಿ ಸುಗುಣಾಳ ಜಡೆಯಿಂದ ಹಿಡಿದು ಚಪ್ಪಲಿಯವರೆಗೆ ದೂರಿದರೆ ನನ್ನ ಹೆಂಡತಿ ಸರ್ವಮಂಗಳೆ ಒಂದು ದೊಡ್ಡ ಲೋಟ ಮಜ್ಜಿಗೆ ತಂದಿಟ್ಟು, “ಉರಿಗೆ ಒಳ್ಳೇದು, ಕುಡೀರಿ” ಎಂದಳು.

ಅದಷ್ಟೇ ಆಗಿದ್ದರೆ ಮಜ್ಜಿಗೆಯಲ್ಲಿ ತಣ್ಣಗಾಗುತ್ತಿತ್ತೋ ಏನೋ. ಆದರೆ ಸುಗುಣಾ ಸೇತುವೆಗೆ ಹೋಗತೊಡಗಿದಳು. ದಿನಾ ಮಧ್ಯಾಹ್ನ ಅಕ್ಕನ ಪಕ್ಕ ಕೂತು ಎಸಳು ಬಿಡುತ್ತಾಳಂತೆ. ಆ ಬುಟ್ಟಿಗೆ ನಾನು ಚಿಕ್ಕವನಿದ್ದಾಗ ಕೈ ಹಾಕಿದ್ದಕ್ಕೆ ಅಕ್ಕ ನನ್ನ ಕೈ ಮೇಲೆ ಹೊಡೆದದ್ದು ಇನ್ನೂ ನೆನಪಿದೆ. ಅದಕ್ಕಿಂತ ದೊಡ್ಡದು ಒಂದು ಭಾನುವಾರ ಸರ್ವಮಂಗಳೆ ಹೊತ್ತು ತಂದ ಸುದ್ದಿ: ಅಕ್ಕ ಸುಗುಣಾಳ ಬಾಡಿಗೆ ಕೋಣೆಗೆ ಹೋಗಿ, ಜೋಳದ ರೊಟ್ಟಿ, ಎಣ್ಣೆಗಾಯಿ ತಿಂದು, ಸಂಜೆಯವರೆಗೆ ನಗುತ್ತ ಕೂತಿದ್ದಳಂತೆ.

ಐದು ವರ್ಷದ ಹಿಂದೆ ನಾನು ಮನೆ ಕಟ್ಟಿಸಿದೆ. ಗೃಹಪ್ರವೇಶಕ್ಕೆ ಎಲ್ಲರಿಗಿಂತ ಮೊದಲು ಕುಂಕುಮ ಇಟ್ಟು ಕರೆದದ್ದು ಅಕ್ಕನನ್ನು. “ಬರಲ್ಲ ಕಣೋ, ಸೇತುವೆ ಬಿಟ್ಟು ಹೆಂಗೆ ಬರ್ಲಿ” ಎಂದಳು. ಅವಳಿಗಾಗಿ ಪಡಸಾಲೆಯ ಕಿಟಕಿಯನ್ನು ಹೊಳೆಯ ಕಡೆಗೇ ಇಡಿಸಿದ್ದೆ. ಆ ಮಾತು ಆಡಲಿಲ್ಲ. ಮತ್ತೆ ಕರೆಯಲೂ ಇಲ್ಲ, ಕರೆಯುವ ಹಾಗೆ ಇರಲೂ ಇಲ್ಲ. ಐದು ವರ್ಷವಾಯಿತು, ನನ್ನ ಮನೆಯ ಹೊಸ್ತಿಲು ಅಕ್ಕ ತುಳಿದಿಲ್ಲ. ನಿನ್ನೆ ಮೊನ್ನೆ ಬಂದವಳ ಬಾಡಿಗೆ ಕೋಣೆಗೆ ಮಾತ್ರ ಸೇತುವೆ ಬಿಟ್ಟು ಹೋಗಲು ಬರುತ್ತದೆ!

ಮಾರನೆಯ ದಿನ ಸುಗುಣಾ, “ಸರ, ನಿಮ್ಮ ಗೂಡು ಒಂದ್ಸಲ ಬಿಚ್ಚಿ ನೋಡ್ಲೇನ್ರಿ?” ಎಂದಳು.

“ಅದರಲ್ಲಿ ಏನೂ ಇಲ್ಲ. ಅದು ನಾನೇ ಬರೆದದ್ದು.”

“ಅದಕ್ಕ ಕೇಳಾಕತ್ತೀನ್ರಿ.”

“ಇಲ್ಲ ಅಂದೆನಲ್ಲ!”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಹಾಗೆ ನನ್ನ ದನಿ ಏರಿತ್ತು. ನಿಜ ಹೇಳಬೇಕೆಂದರೆ ನನಗೆ ಅನುಮಾನ ಬಂದು ಎಷ್ಟೋ ದಿನವಾಗಿತ್ತು. ಪ್ರೋಗ್ರಾಂ ಹೊಸದಾಗಿ ಶುರುಮಾಡಿದಾಗಲೆಲ್ಲ ಸರಿಯಾಗುತ್ತದೆ. ಶುರುಮಾಡಿದಾಗ ಮೊದಲು ಬರಿದಾಗುವುದು ಗೂಡು. ಇಷ್ಟು ಗೊತ್ತಿದ್ದವನು ಮುಂದಿನ ಹೆಜ್ಜೆ ಇಡಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಆ ಹೆಗ್ಗಣಕ್ಕೆ ಶಾಲು ಬೇರೆ ಹೊದಿಸಿದ್ದರು.

ಅಮಾವಾಸ್ಯೆಗೆ ನಾಲ್ಕು ದಿನ ಇತ್ತು. ಮಧ್ಯಾಹ್ನ ಸುಗುಣಾ ಸೇತುವೆಗೆ ಹೊರಟಾಗ ನಾನೂ ಹಿಂದೆಯೇ ಹೋದೆ. ಯಂತ್ರ ಕೆಟ್ಟದ್ದನ್ನು ಸರಿಮಾಡಲು ಅಲ್ಲ, ಅಲ್ಲಿ ಏನು ಮಾತಾಡುತ್ತಾರೆ ಎಂದು ಕೇಳಲು. ನಲವತ್ತಾರು ವರ್ಷದ ಗಂಡಸು ಮಂಟಪದ ಕಂಬದ ಹಿಂದೆ ಬೆನ್ನು ಒತ್ತಿ, ಉಸಿರು ಹಿಡಿದು ನಿಂತಿದ್ದೆ.

“ಅಕ್ಕಾರ, ಯಾವ ಕಡಿಗೈತ್ರಿ?”

“ಮೂಡಲಿಗೆ.”

ಆಮೇಲೆ ಶೇಂಗಾ ಚಟ್ನಿಗೆ ಬೆಳ್ಳುಳ್ಳಿ ಎಷ್ಟು ಹಾಕಬೇಕು ಎಂದು ಮಾತು. ಹತ್ತು ನಿಮಿಷವೂ ಆಗಿರಲಿಕ್ಕಿಲ್ಲ, ಸುಗುಣಾ ಮತ್ತೆ, “ಈಗ ಯಾವ ಕಡಿಗ್ರಿ?” ಎಂದಳು. ನನಗೆ ಮೈಯೆಲ್ಲ ಉರಿಯಿತು. ಅಕ್ಕ ಈಗ ಬೈಯುತ್ತಾಳೆ, ಎದ್ದು ಹೋಗು ಎನ್ನುತ್ತಾಳೆ ಎಂದು ಆಸೆಯಿಂದ ಕಾದೆ. ಅಕ್ಕ ನಕ್ಕಳು. ಬುಟ್ಟಿಯಿಂದ ಎಸಳು ತೆಗೆದು ಬಿಟ್ಟಳು. ಎಸಳು ನೀರಿನ ಮೇಲೆ ಒಂದು ಗಳಿಗೆ ನಿಂತಲ್ಲೇ ನಿಂತಿತು, ಸಣ್ಣಗೆ ಒಂದು ಸುತ್ತು ತಿರುಗಿತು, ಆಮೇಲೆ ಪಡುವಲಿಗೆ ಹೊರಟಿತು.

“ಪಡುವಲಿಗೆ ಕಣೇ. ಈಗ ತಾನೇ ತಿರುಗ್ತು. ಈ ವರ್ಷ ಹಿಂಗೆ ನಡುಹಗಲಲ್ಲಿ ತಿರುಗೋದು ಜಾಸ್ತಿ.”

“ಹಂಗಾರ ನೀವು ಗುಂಡಿ ಒತ್ರಿ ಮತ್ತ.”

“ಗಂಟೆ ಬಾರಿಸದೆ ಒತ್ತಿದ್ರೆ ಅದು ತಗೊಳ್ಳಲ್ಲ. ಆ ಗಂಟೆ ಕಟ್ಟೆಗೊಂದರಂತೆ ತಾಸಿಗೆ ಎರಡೇ ಸಲ ಬಾರಿಸುತ್ತೆ. ನಡುವೆ ಹೊಳೆ ತಿರುಗಿದ್ದು ನಂಗೆ ಗೊತ್ತಾಗುತ್ತೆ, ಯಾರಿಗೆ ಹೇಳ್ಲಿ? ಕೇಳಿದ್ರೆ ತಾನೆ ಹೇಳೋದು. ಮೊದಲು ಎಷ್ಟು ಸಲ ಬಾರಿಸ್ತಿತ್ತು ಗೊತ್ತಾ! ಕೂತಲ್ಲಿ ಕೂರಕ್ಕೆ ಬಿಡ್ತಿರಲಿಲ್ಲ. ನನ್ನ ತಮ್ಮನೇ ಪಕ್ಕದಲ್ಲಿ ಕೂತು ಅಕ್ಕಾ ಅಕ್ಕಾ ಅಂದಂಗಿರೋದು. ಆಮೇಲೆ ಅವನು ಅದನ್ನ ನಿಲ್ಲಿಸಿಬಿಟ್ಟ.”

ನಾನು ಕಂಬದ ಹಿಂದಿನಿಂದಲೇ ಕಚೇರಿಗೆ ಓಡಿದೆ. ಓಡುತ್ತ ಲೆಕ್ಕ ಹಾಕಿದೆ. ಪಡುವಲ ಕಟ್ಟೆ ಹನ್ನೆರಡಕ್ಕೆ ಕೇಳಿದೆ, ಅದರ ಗೂಡಿನಲ್ಲಿ ‘ಮೂಡಲಿಗೆ’ ಇದೆ, ಆದ್ದರಿಂದ ಅಲ್ಲಿ ಕುಡಿಯುವ ನೀರು. ಮೂಡಲ ಕಟ್ಟೆ ಕೇಳುವುದು ಹನ್ನೆರಡು ನಲವತ್ತಕ್ಕೆ, ಅದಕ್ಕೆ ‘ಪಡುವಲಿಗೆ’ ಎಂದು ಸಿಗುತ್ತದೆ, ಆದ್ದರಿಂದ ಅಲ್ಲಿಯೂ ಕುಡಿಯುವ ನೀರು. ಎರಡು ಕಡೆಯೂ ಕುಡಿಯುವ ನೀರಾದರೆ ಏನು ಮಾಡಬೇಕೆಂದು ನಾನು ಯಂತ್ರಕ್ಕೆ ಹೇಳಿಕೊಟ್ಟಿಲ್ಲ, ಅದು ಸಾಧ್ಯ ಎಂದೇ ಅಂದುಕೊಂಡಿರಲಿಲ್ಲ. ಕೋಣೆಗೆ ಬಂದು ಗಡಿಯಾರ ನೋಡುತ್ತ ನಿಂತೆ. ಹನ್ನೆರಡು ನಲವತ್ತು ಆಯಿತು. ಎರಡೂ ಫಲಕಗಳು ಆರಿದವು. ಅಕ್ಕ ಎರಡು ಸಲವೂ ಸರಿಯಾಗಿಯೇ ಹೇಳಿದ್ದಳು.

ಅಷ್ಟು ತಿಳಿದ ಮೇಲೆ ಒಳ್ಳೆಯ ತಮ್ಮ ಆದವನು ಏನು ಮಾಡುತ್ತಿದ್ದ? ನೇರ ವೀರಭದ್ರಯ್ಯನವರ ಬಳಿ ಹೋಗುತ್ತಿದ್ದ. ನಾನು ಕದ ಹಾಕಿಕೊಂಡು, ಸುಗುಣಾ ಬರುವುದರೊಳಗೆ ಗೂಡಿನ ಒಂದು ತಾಸನ್ನು ಇಪ್ಪತ್ತು ನಿಮಿಷ ಮಾಡಿದೆ. ಗೂಡೂ ಉಳಿಯಬೇಕು, ಅಕ್ಕನನ್ನು ಉಳಿಸಿದವನು ನಾನೇ ಆಗಬೇಕು, ಸುಗುಣಾಳಿಗೆ ಏನೂ ಸಿಗಬಾರದು. ಸುಗುಣಾ ಬಂದಾಗ ಕಾಲು ಮೇಲೆ ಕಾಲು ಹಾಕಿಕೊಂಡು, “ಸರಿಹೋಯ್ತು. ಇನ್ನು ನೀವು ಊರಿಗೆ ಹೊರಡಬಹುದು” ಎಂದೆ. ಅವಳು ಏನು ಮಾಡಿದಿರಿ ಎಂದು ಕೇಳಿದಳು. ಹೇಳಲಿಲ್ಲ. ಮತ್ತೆ ಕೇಳಿದಳು. ಆಗಲೂ ಹೇಳಲಿಲ್ಲ.

ಮೂರು ದಿನ ಫಲಕಗಳು ಒಮ್ಮೆಯೂ ಆರಲಿಲ್ಲ. ವೀರಭದ್ರಯ್ಯನವರು ಬೆನ್ನು ತಟ್ಟಿದರು. ಅಮಾವಾಸ್ಯೆಯ ಬೆಳಿಗ್ಗೆ ಮಂಡಳಿಯವರೆಲ್ಲ ಕೋಣೆಗೆ ಬಂದು, ಚಹಾ ಕುಡಿಯುತ್ತ, ಅಕ್ಕನ ವಿಷಯ ಕೈಬಿಡೋಣ ಎಂದು ಮಾತಾಡುತ್ತಿರುವಾಗಲೇ ಎರಡೂ ಫಲಕಗಳು ಆರಿದವು.

ಚಹಾ ಲೋಟಗಳು ಕೆಳಗಿಳಿದವು. ವೀರಭದ್ರಯ್ಯನವರು ದಿನಚರಿ ತೆರೆದು ಬೆರಳಿಟ್ಟರು. “ನೋಡು ಪಾಂಡುರಂಗ. ನಾಲ್ಕು ನಿಮಿಷದ ಅಂತರದಲ್ಲಿ ಎರಡು ಉತ್ತರ. ಇನ್ನು ನಾನೇನು ಹೇಳ್ಲಿ? ಯಂತ್ರ ಸರಿಹೋಯ್ತು ಅಂತ ನೀನೇ ಹೇಳಿದೀಯ.”

ಸುಗುಣಾ ಮೂಲೆಯಲ್ಲಿ ಕೂತಿದ್ದಳು. ಅವಳಿಗೆ ಎಲ್ಲ ಗೊತ್ತಾಗಿತ್ತು. ನಾನು ಬಿಚ್ಚಬೇಡ ಎಂದ ಗೂಡನ್ನು ಅವಳು ಎಂದೋ ಓದಿದ್ದಳು. ಅವಳು ಬಾಯಿ ತೆರೆದಳು. ಅವಳು ಹೇಳಿದರೆ ಅಕ್ಕ ಉಳಿಯುತ್ತಾಳೆ, ಜೀವಮಾನವೆಲ್ಲ ಅವಳ ಹೆಸರು ಹೇಳಿಕೊಂಡು ರೊಟ್ಟಿ ತಿನ್ನುತ್ತಾಳೆ. ಒಳ್ಳೆಯತನದಿಂದ ಮುಂದಾದೆ ಎಂದು ಬೇಕಾದರೆ ಬರೆದುಕೊಳ್ಳಬಹುದು, ಆದರೆ ನನ್ನನ್ನು ಕುರ್ಚಿಯಿಂದ ಎಬ್ಬಿಸಿದ್ದು ಆ ಹೊಟ್ಟೆಕಿಚ್ಚೇ.

“ಅಕ್ಕನ ಕಣ್ಣಲ್ಲ ಸ್ವಾಮಿ, ನನ್ನ ಗೂಡು” ಎಂದೆ. “ಹೊಳೆ ನಡುವೆ ತಿರುಗಿದೆ. ಒಂದು ಕಟ್ಟೆ ಹಳೇ ಉತ್ತರ ಇಟ್ಟುಕೊಂಡು ಕೂತಿದೆ, ಇನ್ನೊಂದು ಹೊಸದು ಕೇಳಿದೆ. ಅಕ್ಕ ಹೇಳಿದ್ದು ಎರಡೂ ನಿಜ. ನನಗೆ ನಾಲ್ಕು ದಿನದಿಂದ ಗೊತ್ತಿತ್ತು.”

ವೀರಭದ್ರಯ್ಯನವರು ಶಾಲನ್ನು ವಾಪಸ್ಸು ಕೇಳುವುದೊಂದೇ ಬಾಕಿ, ಮಿಕ್ಕದ್ದೆಲ್ಲ ಕೇಳಿದರು. ಅವರು ಹೋದ ಮೇಲೆ ಸುಗುಣಾ ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡಳು.

“ಇಪ್ಪತ್ತು ನಿಮಿಷ ಮಾಡಿದ್ರೂ ಹಳೇದು ಹಳೇದ ರೀ ಸರ. ಫಲಕ ಆರೂದು ಕಡಿಮಿ ಆಕ್ಕೈತಿ, ನಿಲ್ಲೂದಿಲ್ಲ. ಗೂಡು ತಗದುಬಿಡೂಣು. ಅಕ್ಕಾರನ್ನ ಹೊಸದಾಗಿ ಕೇಳೂದು, ಬಂದ ಒಂದ ಉತ್ತರಾನ ಎರಡೂ ಕಟ್ಟಿಗೆ ಒಮ್ಮೆಲೆ ಕೊಡೂದು.”

“ಗಂಟೆ ಮತ್ತೆ ದಿನಕ್ಕೆ ನೂರಾರು ಸಲ ಬಾರಿಸುತ್ತೆ.”

“ಬಾರಿಸ್ಲಿ ಬಿಡ್ರಿ.”

ನನ್ನ ಗೂಡನ್ನು ನಾನೇ ಅಳಿಸಿದೆ. ಒಟ್ಟು ಹನ್ನೊಂದು ಸಾಲು. ಅವಳು ಅಳಿಸಲು ನಾನು ಬಿಡಲಿಲ್ಲ. ಕೊನೆಯ ಸಾಲು ಹೋದ ಮೇಲೆ ಹೊಟ್ಟೆಯಲ್ಲಿ ಅಷ್ಟು ದಿನದಿಂದ ಕುದಿಯುತ್ತಿದ್ದದ್ದು ಬಾಯಿಗೆ ಬಂದುಬಿಟ್ಟಿತು. “ನಿಮ್ಮ ಕೋಣೆಗೆ ಬರ್ತಾಳೆ. ನನ್ನ ಮನೆಗೆ ಐದು ವರ್ಷದಿಂದ ಬಂದಿಲ್ಲ.”

“ಕರದೀರೇನ್ರಿ?”

“ಕರೆದಿದ್ದೆ.”

“ಎಷ್ಟ್ ಸಲ?”

ಎಂಥ ಪ್ರಶ್ನೆ! ನಾನು ಅವಳ ಮುಖ ನೋಡಿದೆ. ಅವಳು ನನ್ನನ್ನು ಕೆಣಕುತ್ತಿರಲಿಲ್ಲ, ಲೆಕ್ಕಕ್ಕೆ ಕೇಳಿದ್ದಳು.

“ನಂಗೂ ಮೂರು ಸಲ ಒಲ್ಲೆ ಅಂದ್ರು” ಎಂದಳು. “ನಾಕನೇ ಸಲ ಬಂದ್ರು.”

ಅವಳ ಮೇಲೆ ನನಗೆ ಆ ಕ್ಷಣ ಇದ್ದಷ್ಟು ಸಿಟ್ಟು ಹಿಂದೆಂದೂ ಇರಲಿಲ್ಲ. ಅಷ್ಟು ಸುಲಭದ್ದೇ? ಐದು ವರ್ಷ ನಾನು ಹೊಳೆ ಕಡೆಯ ಕಿಟಕಿ ಒರೆಸಿಕೊಂಡು ಕೂತದ್ದು ಇಷ್ಟಕ್ಕೇ?

ಮಧ್ಯಾಹ್ನ ಸೇತುವೆಗೆ ಹೋದೆ, ಈ ಸಲ ಕಂಬದ ಹಿಂದೆ ನಿಲ್ಲಲಿಲ್ಲ. ಗಂಟೆ ಒಂದೇ ಸಮನೆ ಬಾರಿಸುತ್ತಿತ್ತು. ಅಕ್ಕ ಎಸಳು ಬಿಡುವುದು, ಗುಂಡಿ ಒತ್ತುವುದು, ಸೆರಗಿನಿಂದ ಹಣೆ ಒರೆಸಿಕೊಳ್ಳುವುದು. ಮುಖ ಕೆಂಪಾಗಿತ್ತು. ನನ್ನನ್ನು ನೋಡಿ, “ಏನೋ ಇದು, ಮತ್ತೆ ಶುರುಹಚ್ಚಿಕೊಂಡಿದೆ” ಎಂದಳು.

“ತೊಂದರೆ ಆಗ್ತಿದೆಯಾ?”

“ತೊಂದರೆ ಅಂದ್ನಾ ನಾನು?”

ಪಕ್ಕದಲ್ಲಿ ಕೂತೆ. “ಅಕ್ಕಾ, ನಮ್ಮನೆಗೆ ಊಟಕ್ಕೆ ಬರ್ತೀಯಾ?”

ಅವಳ ಕೈಯಲ್ಲಿದ್ದ ಎಸಳು ಕೈಯಲ್ಲೇ ಉಳಿಯಿತು. ಈ ಊರಿನಲ್ಲಿ ಹುಟ್ಟಿದವಳಲ್ಲವೇ, ಒಮ್ಮೆ ಉತ್ತರ ಕೊಟ್ಟ ಮಾತು ಊರಿನವನ ಬಾಯಿಂದ ಮತ್ತೆ ಬಂದದ್ದು ಅವಳಿಗೂ ಹೊಸದು. ಹೊಳೆಯನ್ನೇ ನೋಡುತ್ತ, “ಬರಲ್ಲ ಕಣೋ. ಈ ಗಂಟೆ ಬಿಟ್ಟು ಹೆಂಗೆ ಬರ್ಲಿ” ಎಂದಳು.

ಅದೇ ಮಾತು. ನಾನು ಎದ್ದೆ. ಅಭ್ಯಾಸದ ಬಲ, ಕಾಲು ತಾನಾಗಿ ಸೇತುವೆಯ ಕೊನೆಯವರೆಗೂ ಒಯ್ದಿತು. ಅಲ್ಲಿ ನಿಂತೆ. ಹಿಂದೆ ಗಂಟೆ ಬಾರಿಸಿತು, ಅಕ್ಕ ಒತ್ತಿದಳು. ಮತ್ತೆ ಬಾರಿಸಿತು, ಮತ್ತೆ ಒತ್ತಿದಳು. ತಿರುಗಿ ಬಂದು ಅವಳ ಎದುರಿಗೆ ಕುಕ್ಕರಗಾಲಲ್ಲಿ ಕೂತೆ.

“ಅಕ್ಕಾ, ಬರ್ತೀಯಾ?”

ಅಕ್ಕ ಎಸಳು ಬಿಟ್ಟಳು. ಅದು ಯಾವ ಕಡೆ ಹೋಯಿತೆಂದು ಅವಳೂ ನೋಡಲಿಲ್ಲ, ನಾನೂ ನೋಡಲಿಲ್ಲ.

“ಏನು ಅಡಿಗೆ?” ಎಂದಳು.